ಎಡ ಅಂಗೈ

ಯಜಮಾನರ ಹೃದಯದ ಶಸ್ತ್ರಚಿಕಿತ್ಸೆಗೆಂದು ನಾನು ಹಿಂದಿನ ಸಂಜೆಯೇ ಚೀಲ ಸಿದ್ಧಪಡಿಸಿದ್ದೆ. ವರದಿಗಳನ್ನು ಕ್ರಮವಾಗಿ ಜೋಡಿಸಿ, ಟವೆಲಿನ ಕೆಳಗೆ ಲುಂಗಿ, ಅದರ ಕೆಳಗೆ ನೀರಿನ ಬಾಟಲಿ ಇಟ್ಟಿದ್ದೆ. ಚೆನ್ನೈನ ಶಾಲೆಯೊಂದರಲ್ಲಿ ಬಹುಕಾಲ ಕನ್ನಡ ಕಲಿಸಿದವಳಿಗೆ ವಸ್ತುಗಳು ಸಾಲು ತಪ್ಪಿದರೆ ಮನಸ್ಸೂ ತಪ್ಪುತ್ತದೆ. ಆದರೂ ಒಂದು ಸಂಗತಿ ನನಗೆ ಹೊಳೆದೇ ಇರಲಿಲ್ಲ.

"ಕಳುತ್ತುಲ ಇರುಕ್ಕುರದ ಕಳಟ್ಟುಂಗ ಸಾರ್," ಎಂದಳು ನರ್ಸ್, ಅವರ ಕೊರಳನ್ನು ತೋರಿಸಿ, ತೆಗೆಯಿರೆಂದು ಸನ್ನೆ ಮಾಡುತ್ತ.

ಕೊರಳಲ್ಲಿದ್ದುದು ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಒಮ್ಮೆ ಕಟ್ಟಿದ ಲಿಂಗ ಮಣ್ಣಿಗೆ ಹೋಗುವವರೆಗೂ ಮೈಯಿಂದ ಅಗಲಬಾರದೆಂಬುದು ನಮ್ಮ ಮನೆತನಗಳ ನೇಮ.

"ಇದು ಇಲ್ಲಂದ್ರ ನಾ ಒಳಗ ಹೋಗಂಗಿಲ್ಲ," ಎಂದರು ಇವರು, ಪ್ಯಾರೀಸ್ ಕಾರ್ನರಿನ ತಮ್ಮ ಪಾತ್ರೆ ಅಂಗಡಿಯಲ್ಲಿ ಬೆಲೆ ಇಳಿಸಲು ಒಪ್ಪದಿರುವ ದನಿಯಲ್ಲಿ.

"ನೇಮ ಆಮ್ಯಾಲ ನೋಡೋಣ್ರಿ. ಮೊದಲ ಆರಾಮಾಗ್ರಿ," ಎಂದೆ.

"ಮನ್ಯಾಗ ನೇಮ ನೇಮ ಅಂತ ನನ್ನ ಜೀವಾ ತಿಂದಾಕಿ ನೀನ ಅಲ್ಲೇನು?"

ನರ್ಸಿಗೆ ಕನ್ನಡ ತಿಳಿಯದಿದ್ದರೂ ನಕ್ಕಳು. ಅವರು ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ನನ್ನ ಎಡಗೈಯಲ್ಲಿಟ್ಟರು. "ನೆಲಕ್ಕ ಇಡಬ್ಯಾಡ. ಬ್ಯಾರೆಯವರ ಕೈಯಾಗ ಕೊಡಬ್ಯಾಡ. ನಾ ಹೊರಗ ಬಂದ ಕೂಡ್ಲೇ ಕೊಡು."

ಬಾಗಿಲು ಮುಚ್ಚಿತು. ನಮಗೆ ಮಕ್ಕಳಿಲ್ಲ, ಹಾವೇರಿಯಿಂದ ಹೊರಟ ಮೈದುನ ಮರುದಿನ ಬೆಳಿಗ್ಗೆಯಷ್ಟೇ ತಲುಪುವವನಿದ್ದ. ಸಾಲು ಕುರ್ಚಿಗಳ ಕೊನೆಯಲ್ಲಿ ಕುಳಿತೆ. ಒಬ್ಬರ ಲಿಂಗವನ್ನು ಮತ್ತೊಬ್ಬರ ಕೈಯಲ್ಲಿ ನಾನು ಕಂಡದ್ದು ಮಾವನವರು ತೀರಿಕೊಂಡ ದಿನ ಮಾತ್ರ. ಅವರ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು, ಸೆಟೆದ ಬೆರಳುಗಳನ್ನು ಹಿರಿಯರೊಬ್ಬರು ಒಂದೊಂದಾಗಿ ಮಡಿಚಿದ್ದರು. ಆಮೇಲೆ ಸಮಾಧಿಯ ಮೇಲೆ ಮಣ್ಣೆಳೆದರು. ನೆನಪಾದೊಡನೆ ಕರಡಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

ಅಂದು ನನ್ನ ಪೂಜೆಯೂ ಆಗಿರಲಿಲ್ಲ. ಅವರನ್ನು ಒಳಗೆ ಕಳುಹಿಸಿದ ಮೇಲೆ ಒಂದು ಮೂಲೆಯಲ್ಲಿ ಕುಳಿತು ಮುಗಿಸಬೇಕೆಂದುಕೊಂಡಿದ್ದೆ. ಪೂಜೆಗೆ ನನ್ನ ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ದಿಟ್ಟಿಸಬೇಕು. ಆ ಅಂಗೈಯಲ್ಲಿ ಇವರ ಕರಡಿಗೆಯಿತ್ತು. ಮತ್ತೊಬ್ಬರ ಲಿಂಗವನ್ನು ಕೊರಳಿಗೆ ಹಾಕಿಕೊಳ್ಳುವಂತಿಲ್ಲ. ಮಡಿಲಿಗೆ ಇಳಿಸಬಹುದಿತ್ತು, ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಇಳಿಸಲಾಗಲಿಲ್ಲ. ಪೂಜೆಯಿಲ್ಲದೆ ಬಾಯಿಗೆ ನೀರು ಹಾಕುವವಳಲ್ಲವಾದ್ದರಿಂದ ಗಂಟಲು ಒಣಗುತ್ತಿತ್ತು. ನನ್ನ ದೇವರು ನನ್ನ ಎದೆಯ ಮೇಲೆಯೇ ಇದ್ದ. ಆದರೂ ಅಷ್ಟು ದೂರ ಅವನು ಎಂದೂ ಹೋಗಿರಲಿಲ್ಲ.

ಪಕ್ಕದಲ್ಲಿ ಮೀನುಗಾರರ ಕೇರಿ ಕಾಸಿಮೇಡಿನ ಹೆಂಗಸೊಬ್ಬಳು ತನ್ನ ತಮ್ಮನಿಗಾಗಿ ಕಾಯುತ್ತಿದ್ದಳು. ಬಹಳ ಹೊತ್ತು ನನ್ನನ್ನು ನೋಡಿ ತಮಿಳಿನಲ್ಲಿ ಕೇಳಿದಳು:

"ಏನಕ್ಕಾ, ಇಡ್ಲಿನೂ ಬೇಡ, ಕಾಪಿನೂ ಬೇಡ ಅಂತೀಯ. ಕೈಯಲ್ಲೇನು, ಒಡವೆನಾ?"

"ನಮ್ಮ ಯಜಮಾನರ ದೇವರು."

"ಅಯ್ಯೋ, ಇಷ್ಟು ಬಿಗಿಯಾಗಿ ಹಿಡಿದ್ರೆ ಸಾಮಿಗೆ ಉಸಿರು ಕಟ್ಟಲ್ವಾ? ಪಾಪ, ಅವರು ಒಳಗೆ ಹೋಗಿ ಡಾಕ್ಟರ್ ಕೆಲಸಾನೂ ನೋಡಬೇಕಲ್ಲ."

ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಅವಳ ಮನೆಯವರು ಅನ್ನದ ಡಬ್ಬಿಗಳೊಂದಿಗೆ ಗುಂಪಾಗಿ ಬಂದರು. ಅವಳು ಎದ್ದು ಅವರ ನಡುವೆ ಸೇರಿಹೋದಳು. ಆ ಕುರ್ಚಿ ಖಾಲಿಯಾದಾಗ, ಬೈಯಲಾದರೂ ಅವಳು ಇರಬೇಕಿತ್ತೆನಿಸಿತು.

ಕೈ ಬಿಚ್ಚಿ ನೋಡಿದೆ. ಕರಡಿಗೆಯ ಅಂಚು ಅಂಗೈಯಲ್ಲಿ ಕೆಂಪಗೆ ಮೂಡಿತ್ತು. ನನ್ನ ಹಿಡಿತ ಸಡಿಲಿದರೆ ಒಳಗೆ ಅವರ ಉಸಿರು ಸಡಿಲುವುದೆಂದು ಬೆಳಗಿನಿಂದ ನಂಬಿ ಕುಳಿತಿದ್ದೆ. ಅವರನ್ನು ಉಳಿಸುವ ಹೊಣೆಯನ್ನು ದೇವರಿಂದ ಕಿತ್ತುಕೊಂಡು, ಹೊರಲಾರದೆ ಹೊತ್ತಿದ್ದೆ.

ಸೆರಗನ್ನು ಮಡಿಲಲ್ಲಿ ಹಾಸಿ ಅವರ ಕರಡಿಗೆಯನ್ನು ಅಲ್ಲಿ ಇಳಿಸಿದೆ. ನನ್ನ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡೆ. ವಿಭೂತಿಯಿರಲಿಲ್ಲ, ಪತ್ರೆಯಿರಲಿಲ್ಲ. ಎದುರಿನ ಟಿವಿಯಲ್ಲಿ ಯಾರೋ ಅಡುಗೆ ಮಾಡುತ್ತಿದ್ದರು. ನನ್ನೊಳಗೆ ಮಂತ್ರವೂ ಹುಟ್ಟಲಿಲ್ಲ. "ನೀನು ನೋಡಿಕೋ," ಎಂದೆ, ಅಷ್ಟೇ. ಭಯ ಹೋಗಲಿಲ್ಲ. ಆದರೆ ಅದನ್ನು ಒಬ್ಬಳೇ ಕಾಯಬೇಕಾದ ಕೆಲಸ ಮುಗಿದಿತ್ತು. ಚೀಲದ ಬಾಟಲಿ ತೆಗೆದು ನೀರು ಕುಡಿದೆ.

ಸಂಜೆ ಒಳಗೆ ಕರೆದರು. ಇವರ ಬಾಯಲ್ಲಿ ಕೊಳವೆ, ಕಣ್ಣು ಅರೆಮುಚ್ಚಿತ್ತು. ನಾನು ಬಗ್ಗಿ ಕರಡಿಗೆ ತೋರಿಸಿದೆ. ನರ್ಸ್ ತಲೆಯಾಡಿಸಿ ಒಂದು ಕ್ಷಣ ಕೊಟ್ಟಳು. ಹಾಸಿಗೆಯ ಮೇಲಿದ್ದ ಎಡಗೈ ಮೆಲ್ಲನೆ ಹೊರಳಿ ಅಂಗೈ ಮೇಲಾಯಿತು. ಮಲಗಿದವರ ಅಂಗೈಯಲ್ಲಿ ಲಿಂಗ ಇಡುವುದನ್ನು ನಾನು ಕಂಡದ್ದು ಮಾವನವರು ಹೋದ ದಿನ ಮಾತ್ರ. ಇಟ್ಟೆ.

ಬೆರಳುಗಳು ತಾವಾಗಿಯೇ ಮಡಿಚಿಕೊಂಡವು.