ಮುಡಿಪಿನ ನಾಲ್ಕಾಣೆ

ನನ್ನ ಹೆಂಡತಿ ಚೊಚ್ಚಲ ಬಸುರಿಯಾಗಿದ್ದಷ್ಟು ಕಾಲವೂ ನಾನು ಚಿಂತೆಗೆ ಒಂದು ದಿನ ರಜೆ ಕೊಟ್ಟವನಲ್ಲ. ಕುಣಿಗಲ್ಲಿನ ಕಚೇರಿಯಲ್ಲಿ ಕೂತು ರಸ್ತೆಯ ಹಳ್ಳಗಳ ಬಗ್ಗೆ ಚಿಂತಿಸಿದೆ, ಗ್ರಹಣದ ಬಗ್ಗೆ ಚಿಂತಿಸಿದೆ, ಮಗುವಿಗೆ ನನ್ನ ಮೂಗು ಬಂದರೆ ಗತಿಯೇನು ಎಂದೂ ಚಿಂತಿಸಿದೆ. ಹುಟ್ಟುವ ಮಗುವಿಗೆ ಮಲದ್ವಾರ ಇರುತ್ತದೋ ಇಲ್ಲವೋ ಎಂಬುದೊಂದು ಮಾತ್ರ ಹೊಳೆದಿರಲಿಲ್ಲ. ಇಷ್ಟು ವರ್ಷ ಅಭ್ಯಾಸವಿದ್ದ ಚಿಂತೆಗಾರನಿಗೆ ಇದು ಅವಮಾನದ ವಿಷಯವೇ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೆರಿಗೆ ಅವಳ ತವರು ಗುಬ್ಬಿಯಲ್ಲಿ ಆಯಿತು. ಸುದ್ದಿ ತಿಳಿದು ಬಸ್ಸು ಬದಲಿಸಿ ಹೋಗಿ ನೋಡಿದರೆ ಗಂಡುಮಗು ಕೆಂಪಗೆ ಮಲಗಿತ್ತು. ಮೂಗು ತಾಯಿಯದೇ. ಅಂದು ನಾನು ನೆಮ್ಮದಿಯಾಗಿ ನಿದ್ದೆ ಮಾಡಿಬಿಟ್ಟೆ. ಆಮೇಲೆ ಆ ತಪ್ಪನ್ನು ಮತ್ತೆ ಮಾಡಿಲ್ಲ.

ಬೆಳಿಗ್ಗೆ ಬಟ್ಟೆ ಬದಲಿಸಲು ಕೂತ ನಮ್ಮ ಅತ್ತೆ, ಮಗುವಿನ ಕಾಲೆತ್ತಿ ಹಿಡಿದುಕೊಂಡು ಹಾಗೇ ನೋಡುತ್ತ ಕೂತುಬಿಟ್ಟರು.

“ಅಳಿಯಂದ್ರೆ, ಬನ್ನಿ ಇಲ್ಲಿ. ನಿನ್ನೆಯಿಂದ ಬಟ್ಟೆ ಬರೀ ಒದ್ದೆ ಆಗ್ತೈತೆ. ಮಗ ಕಕ್ಕ ಮಾಡಿಲ್ಲ. ಮಾಡಾದಾದ್ರೂ ಎಲ್ಲಿಂದ? ದಾರೀನೇ ಇಲ್ವಲ್ಲಪ್ಪ!”

ಬಗ್ಗಿ ನೋಡಿದೆ. ಇರಬೇಕಾದ ಕಡೆ ಸಣ್ಣದೊಂದು ಗುಳಿ, ಅದರ ಮೇಲೆ ಚರ್ಮ. ಹೊಟ್ಟೆ ಆಗಲೇ ತಮಟೆಯಂತೆ ಬಿಗಿದಿತ್ತು. ಊರಿನ ಡಾಕ್ಟರಮ್ಮ ಬಂದು ನೋಡಿ, “ತುಮಕೂರಿಗೆ ಈಗ್ಲೇ ಹೊರಡಿ. ಹೀಗೇ ಬಿಟ್ರೆ ಮಗು ಉಳಿಯಲ್ಲ” ಎಂದರು.

ನಾನು ಬಾಡಿಗೆ ಕಾರು ಹಿಡಿದು ತರುವಷ್ಟರಲ್ಲಿ ಅತ್ತೆ ಒಂದು ಬಿಳಿ ಬಟ್ಟೆಯ ಚೂರನ್ನು ಅರಿಶಿನದ ನೀರಿನಲ್ಲಿ ಅದ್ದಿ, ಅದರಲ್ಲಿ ನಾಲ್ಕಾಣೆ ಇಟ್ಟು ಗಂಟು ಹಾಕಿ, ಮನೆದೇವರಿಗೆ ಮುಡಿಪು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಕೆಲಸ ಆದ ಮೇಲೆ ಅದು ದೇವರ ಹುಂಡಿಗೆ ಸೇರಬೇಕಾದ ಕಾಸು. ಅದುವರೆಗೆ ಯಾರೂ ಮುಟ್ಟುವಂತಿಲ್ಲ. ಬಾಣಂತಿಗೆ ಪ್ರಯಾಣ ಬೇಡವೆಂದು ಹೆಂಡತಿಯನ್ನು ಮನೆಯಲ್ಲೇ ಬಿಟ್ಟೆವು. ಅವಳು ಅಳಲಿಲ್ಲ. ನನ್ನ ಅಂಗಿಯ ತೋಳು ಹಿಡಿದು, “ಒಬ್ರೇ ಬರ್ಬೇಡ್ರೀ” ಎಂದಳು. ಅಷ್ಟೆ.

ದಾರಿಯಲ್ಲಿ ನಾನು ಟಯರು ಪಂಚರಾಗುವುದನ್ನು, ರೈಲ್ವೆ ಗೇಟು ಹಾಕಿರುವುದನ್ನು, ಡಾಕ್ಟರು ರಜೆ ಹಾಕಿರುವುದನ್ನು ಒಂದೊಂದಾಗಿ ಊಹಿಸಿಕೊಂಡು ನಿಟ್ಟುಸಿರು ಬಿಡುತ್ತಿದ್ದೆ.

“ನೀವ್ ಸುಮ್ಕೆ ಕೂತ್ಕಳಿ. ನಿಮ್ಮ ಉಸುರಿಗೇ ಮಗ ಬೆಚ್ಚಿ ಬೀಳ್ತೈತೆ” ಎಂದರು ಅತ್ತೆ.

ಆಸ್ಪತ್ರೆಯ ಸರ್ಜನ್ನರು ಇದ್ದರು. ಕರುಳು ಚರ್ಮದ ಹತ್ತಿರದವರೆಗೂ ಬಂದಿದ್ದರೆ ಇಲ್ಲೇ ದಾರಿ ಬಿಡಿಸಬಹುದು, ಮೇಲೆಲ್ಲೋ ನಿಂತಿದ್ದರೆ ಬೆಂಗಳೂರಿಗೆ ಹೋಗಬೇಕು, ಅಲ್ಲಿಯತನಕ ಹೊಟ್ಟೆ ತಡೆಯುತ್ತದೋ ಇಲ್ಲವೋ ಹೇಳಲಾರೆ ಎಂದರು. ತಿಳಿಯುವುದಕ್ಕೆ ಎಕ್ಸ್‌ರೇ. ಗುಳಿ ಇರುವ ಜಾಗದಲ್ಲಿ ಒಂದು ನಾಣ್ಯ ಅಂಟಿಸಿ ಮಗುವನ್ನು ತಲೆಕೆಳಗಾಗಿ ಹಿಡಿದರೆ, ಹೊಟ್ಟೆಯ ಗಾಳಿ ಕರುಳಿನ ತುದಿಗೆ ಏರುತ್ತದೆ. ಗಾಳಿಗೂ ನಾಣ್ಯಕ್ಕೂ ನಡುವೆ ಎಷ್ಟು ದೂರ ಎನ್ನುವುದರ ಮೇಲೆ ಎಲ್ಲವೂ ನಿಂತಿತ್ತು.

ಎಕ್ಸ್‌ರೇ ತೆಗೆಯುವವರು, “ಒಂದು ನಾಣ್ಯ ಕೊಡಿ” ಎಂದರು. ನಾನು ಲೋಕ ಕಂಡವನಂತೆ ಐದು ರೂಪಾಯಿಯ ನೋಟು ಮಡಚಿ ಅವರ ಕೈಗೆ ಜಾರಿಸಿದೆ.

“ರೀ ಸ್ವಾಮಿ, ಲಂಚ ಯಾರ್ ಕೇಳಿದ್ರು? ಮಗೂಗೆ ಅಂಟಿಸೋಕೆ ಕೇಳಿದ್ದು. ನೋಟು ಫಿಲಮ್ಮಲ್ಲಿ ಬೀಳುತ್ತೇನ್ರೀ?”

ಜೇಬೆಲ್ಲ ತಡಕಿದೆ. ಚಿಲ್ಲರೆ ಇರಲಿಲ್ಲ. ಹೊರಗೆ ಓಡಿ ತರುತ್ತೇನೆ ಎನ್ನುವಷ್ಟರಲ್ಲಿ ಅತ್ತೆ ಸೊಂಟದ ಮುಡಿಪನ್ನು ತೆಗೆದು ಹಲ್ಲಿನಿಂದ ಗಂಟು ಬಿಚ್ಚತೊಡಗಿದರು.

“ಅತ್ತೆ, ಅದು ದೇವ್ರದ್ದು! ಅದನ್ನ... ಅಲ್ಲಿಗಾ?”

“ಅಲ್ಲಿ ಬಾಗ್ಲಿಲ್ಲ ಅಂತ ತಾನೆ ಕಟ್ಟಿದ್ದು? ಎಲ್ಲಿ ಕೆಲಸ ಐತೋ ಅಲ್ಲಿಗೇ ಹೋಗ್ಲಿ ಬುಡಿ.”

ಅರಿಶಿನ ಹತ್ತಿದ್ದ ನಾಲ್ಕಾಣೆಯನ್ನು ಪ್ಲಾಸ್ಟರಿನಲ್ಲಿ ಅಂಟಿಸಿದರು. ಮಗನ ಪುಟ್ಟ ಪಾದಗಳನ್ನು ಹಿಡಿದು ತಲೆಕೆಳಗೆ ಮಾಡಿ ನಿಂತವನು ನಾನೇ. ಅವನು ಅರಚಿದ. ನಾನು ಅರಚಲಿಲ್ಲ ಎಂದು ನನ್ನ ನೆನಪು. ಅತ್ತೆಯ ನೆನಪು ಬೇರೆ ಇತ್ತು.

ಒದ್ದೆ ಫಿಲಮ್ಮನ್ನು ಸರ್ಜನ್ನರು ಕಿಟಕಿಯ ಬೆಳಕಿಗೆ ಹಿಡಿದರು. ನಾಲ್ಕಾಣೆ ಬೆಳ್ಳಗೆ ಹೊಳೆಯುತ್ತಿತ್ತು. ಅದಕ್ಕೆ ತಾಗಿಕೊಂಡಷ್ಟು ಹತ್ತಿರದಲ್ಲಿ ಗಾಳಿಯ ಕಪ್ಪು ನೆರಳು. “ಹತ್ರಾನೇ ಇದೆ. ತೆಳು ಚರ್ಮ. ಇವತ್ತೇ ಮಾಡ್ತೀನಿ.”

ಮಗುವನ್ನು ಒಳಗೆ ಒಯ್ದರು. ಅತ್ತೆ ನಾಣ್ಯವನ್ನು ಮತ್ತೆ ಗಂಟು ಕಟ್ಟಿ ಗೋಡೆಗೊರಗಿ ಕಣ್ಣು ಮುಚ್ಚಿ ಕೂತರು. ನಾನು ನಿಂತೇ ಇದ್ದೆ, ಕೂತರೆ ಏನಾದರೂ ಆಗಿಬಿಡುತ್ತದೆ ಅನ್ನಿಸಿ. ಸಂಜೆ ವಾರ್ಡಿನಲ್ಲಿ ಅತ್ತೆಯ ಕೂಗು ಕೇಳಿಸಿತು. ಕಡುಹಸಿರು ಕಕ್ಕ ಟಾರಿನಂತೆ ಮೆತ್ತಿದ್ದ ಬಟ್ಟೆಯನ್ನು ಪ್ರಸಾದದ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ಮಂಚದಿಂದ ಮಂಚಕ್ಕೆ ತೋರಿಸುತ್ತಿದ್ದರು. “ನೋಡ್ರವ್ವಾ, ನಮ್ಮುಡ್ಗ ಮಾಡ್ದ!” ಪಕ್ಕದ ಮಂಚದ ಅಜ್ಜಿಯೊಬ್ಬರು ಕೈಮುಗಿದೇಬಿಟ್ಟರು.

ಮಾರನೆಯ ಬೆಳಿಗ್ಗೆ ಕೊಳೆಬಟ್ಟೆಗಳನ್ನು ಪೇಪರಿನಲ್ಲಿ ಸುತ್ತಿ ನನ್ನ ಚೀಲಕ್ಕೆ ತುರುಕಿ, ಒಗೆಸಿಕೊಂಡು ಬೇರೆ ಬಟ್ಟೆ ತರಲು, ಹಾಗೇ ಮಗಳಿಗೆ ಸುದ್ದಿ ಹೇಳಿ ಬರಲು ಅತ್ತೆ ಕಳಿಸಿದರು. ಬಸ್ಸಿನಲ್ಲಿ ಪಕ್ಕದವನು ಮೂಗು ಮುಚ್ಚಿಕೊಂಡು ಎದ್ದು ಹೋದ. ಗುಬ್ಬಿಯವರೆಗೂ ಇಡೀ ಸೀಟು ನನ್ನದೇ. ಹೊಲಿಗೆ ಬಿಚ್ಚಿದರೆ, ನಂಜಾದರೆ ಎಂದೆಲ್ಲ ಚಿಂತಿಸಿದೆ. ನಾನು ಹೋಗುತ್ತಿರುವುದು ಒಬ್ಬನೇ ಎಂಬುದು ಮಾತ್ರ ಮನೆಯ ಬಾಗಿಲಿಗೆ ಬರುವವರೆಗೂ ತಲೆಗೆ ಬರಲಿಲ್ಲ.

ಅವಳು ಎದುರಿನ ಮಂಚದ ಮೇಲೆ ಕೂತಿದ್ದಳು. ನನ್ನನ್ನು ನೋಡಿದಳು, ನನ್ನ ಹಿಂದೆ ನೋಡಿದಳು, ಚೀಲವಷ್ಟೇ ಇದ್ದ ಕೈಗಳನ್ನು ನೋಡಿದಳು. ಗಡಿಬಿಡಿಯಲ್ಲಿ ಚೀಲ ಬಿಚ್ಚಿ ಆ ಬಟ್ಟೆಯನ್ನೇ ಅವಳ ಮುಂದೆ ಹರವಿದೆ.

ಅವಳು ಬಟ್ಟೆಯ ಅಂಚು ಹಿಡಿದೆತ್ತಿದಳು.

“ಅವನ್ದಾ?”

“ಅವನ್ದೇ. ನಿನ್ನೆ ಸಂಜೆದು. ಬೆಳಿಗ್ಗೆನೂ ಆಯ್ತು.”

ಬಟ್ಟೆಯನ್ನು ಮಡಿಲಿಗೆಳೆದುಕೊಂಡು ಅತ್ತಳು. ಅಳುತ್ತಲೇ ಬೈದಳು. “ಬಾಗ್ಲಲ್ಲೇ ಕೂಗಿ ಹೇಳೋಕೆ ಏನಾಗಿತ್ರೀ ನಿಮಗೆ? ನನ್ನ ಜೀವ ಹೋಗಿ ಬಂತು!” ಬೈಗುಳದ ನಡುವೆ ನಗುವೂ ಬಂತು. ಅದನ್ನು ಒಗೆಯಲು ಕೊಡಲು ಒಪ್ಪಬೇಕಾದರೆ ಮಧ್ಯಾಹ್ನವಾಯಿತು.

ಬಿಡಿಸಿದ ದಾರಿ ಮುಚ್ಚಿಕೊಳ್ಳದಂತೆ ಕೆಲವು ತಿಂಗಳು ಅದನ್ನು ಹಿಗ್ಗಿಸುತ್ತಿರಬೇಕಿತ್ತು. ಆ ಕೆಲಸವನ್ನು ತಾಯಿ ಮಗಳು ಮಾಡಿದರು. ಪಕ್ಕದ ಕೋಣೆಯಲ್ಲಿ ಕೂತು ಚಿಂತಿಸುವ ಪಾಲು ನನ್ನದು. ಆಮೇಲೆ ಮನೆದೇವರಿಗೆ ಹೋದೆವು. ಅತ್ತೆ ನಾಲ್ಕಾಣೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ತೊಳೆದಿದ್ದರೂ ನನಗೆ ಅಳುಕು.

“ಅದು ಎಲ್ಲಿತ್ತು ಅಂತ ದೇವ್ರಿಗೆ ಗೊತ್ತಾಗಲ್ವಾ ಅತ್ತೆ?”

“ಗೊತ್ತಾಗ್ಲಿ ಅಂತಾನೇ ಹಾಕ್ತಿರಾದು” ಎಂದು ಹುಂಡಿಯೊಳಗೆ ಬಿಟ್ಟರು.

ಮಗನಿಗೀಗ ಮೀಸೆ ಬಂದಿದೆ. ಬೆಳಿಗ್ಗೆ ಪೇಪರು ಹಿಡಿದು ಕಕ್ಕಸಿಗೆ ಹೋದನೆಂದರೆ ಬೇಗ ಹೊರಗೆ ಬರುವ ಆಸಾಮಿಯಲ್ಲ. ಅವರಮ್ಮ ಬಾಗಿಲು ಬಡಿಯುತ್ತಾಳೆ, ತಂಗಿ ಕಾಲೇಜಿಗೆ ಹೊತ್ತಾಯಿತೆಂದು ಕಿರುಚುತ್ತಾಳೆ. ನನಗೂ ಆಫೀಸಿಗೆ ತಡವಾಗುತ್ತಿರುತ್ತದೆ. ಆದರೂ ನಾನು ಬಾಗಿಲು ಬಡಿಯುವುದಿಲ್ಲ.