ಬೂಚಿನ ಓಣಿಗೆ ಬಿದ್ದ ಗೇಟು

ನಿವೆಸ್ ಕಾನೆಪಾ ಜೆನೋವಾದ ಹಳೇ ಪೇಟೆಯಲ್ಲಿ ಮೂವತ್ತೊಂದು ವರ್ಷ ಕಾಗದ ಹಂಚಿದವಳು. ನಮ್ಮ ಓಣಿಗಳಿಗೆ ಗಾಡಿ ಬರುವುದಿಲ್ಲ. ಹೆಗಲ ಚೀಲ ಹೊತ್ತು ದಿನವೂ ಆರೇಳು ಮಹಡಿ ಹತ್ತಿಳಿದು ಅವಳ ಎಡ ಮೊಣಕಾಲು ಸವೆದುಹೋಗಿತ್ತು. ನಿವೃತ್ತಿಯಾದ ಮೇಲಾದರೂ ಸುಮ್ಮನಿರುತ್ತಾಳೆ ಅಂದುಕೊಂಡೆವು. ಎಂಟನೇ ದಿನ ನನ್ನ ಅಂಗಡಿಗೆ ಬಂದಳು.

"ದೆಲ್ಫಿನಾ, ಮನೇಲೇ ಕೂತು ಕೂತು ಗಂಡನ ಫೋಟೋ ಜೊತೆ ಜಗಳ ಆಡೋಕೆ ಶುರು ಮಾಡಿದೀನಿ," ಅಂದಳು.

ನಾನು ಕಡಲೆಹಿಟ್ಟಿನ ಫರಿನಾತಾ ರೊಟ್ಟಿ ಬೇಯಿಸಿ ಮಾರುವವಳು. ಬೂಚಿನ ಓಣಿಯ ಬುಡದಲ್ಲೇ ನನ್ನ ಒಲೆ. ಅವತ್ತು ಒಲೆಯ ಮುಂದೆ ಹಾಲೆಂಡಿನ ಗಂಡ ಹೆಂಡತಿ ನಕ್ಷೆ ಹಿಡಿದು ದೊಡ್ಡ ಚರ್ಚಿಗೆ ದಾರಿ ಕೇಳುತ್ತಿದ್ದರು.

"ಅದು ಎಂಟುನೂರು ವರ್ಷದಿಂದ ಅಲ್ಲೇ ನಿಂತಿದೆ, ಇವತ್ತೇ ಎದ್ದು ಹೋಗಲ್ಲ," ಅಂದಳು ನಿವೆಸ್. "ನನ್ನ ಹಿಂದೆ ಬನ್ನಿ."

ಅವರಿಗೆ ಅವಳ ಮಾತು ಅರ್ಧ ತಿಳಿಯಿತೋ ಇಲ್ಲವೋ, ಹೋದರು. ಅವಳು ತೋರಿಸಿದ್ದು ಇವು: ನಾಲ್ಕನೇ ಮಹಡಿಯ ಬಾಗಿಲು ತೆಗೆದರೆ ಗುಡ್ಡದ ಮೇಲಿನ ನಿಂಬೆ ತೋಟಕ್ಕೇ ಕಾಲಿಡುವ ಮನೆ, ಚಮ್ಮಾರನ ಅಂಗಡಿಯ ನೆಲದಡಿಯ ಬಾವಿ, ಹಡಗಿನ ಹಗ್ಗ ಹತ್ತುತ್ತಿರುವ ಇಲಿಯನ್ನು ಕಪ್ಪು ಕಲ್ಲಲ್ಲಿ ಕೆತ್ತಿದ ಬಾಗಿಲ ಮೇಲ್ಪಟ್ಟಿ. ಯಾವ ಬಾಗಿಲು ತಟ್ಟಿದರೂ ಒಳಗಿನವರಿಗೆ ಅವಳ ಗುರುತಿತ್ತು. ಕೊನೆಗೆ ಬೂಚಿನ ಓಣಿ. ಎರಡು ಮೊಳ ಅಗಲದ ನಲವತ್ತೆರಡು ಮೆಟ್ಟಿಲು ಹತ್ತಿದರೆ ಪುಟ್ಟ ಅಂಗಳ, ಅಲ್ಲಿ ಬಟ್ಟೆ ಒಗೆಯುವ ಅಮೃತಶಿಲೆಯ ತೊಟ್ಟಿ. ನೂರಾರು ವರ್ಷ ಹೆಂಗಸರ ಮೊಣಕೈ ತಗುಲಿ ತಗುಲಿ ಅದರ ಅಂಚು ಕುದುರೆಯ ಬೆನ್ನಿನಂತೆ ಬಾಗಿದೆ.

ಬಾಯಿಂದ ಬಾಯಿಗೆ ಸುದ್ದಿ ಹರಡಿತು. ವಾರಕ್ಕೆ ಎರಡು ದಿನ ಏಳೆಂಟು ಜನ ಅವಳಿಗಾಗಿ ನನ್ನ ಅಂಗಡಿ ಮುಂದೆ ಕಾಯುವಂತಾಯಿತು. ಯಾರಿಂದಲೂ ಅವಳು ಏನನ್ನೂ ತೆಗೆದುಕೊಳ್ಳಲಿಲ್ಲ.

ಮೂರನೇ ವರ್ಷದ ಸೆಪ್ಟೆಂಬರಿನಲ್ಲಿ ಓಣಿಯ ಬಾಯಿಗೆ ಕಬ್ಬಿಣದ ಗೇಟು ಬಿತ್ತು. ಎರಡೂ ಬದಿಯ ಕಟ್ಟಡಗಳನ್ನು ಯಾರೋ ಕೊಂಡು ಹೋಟೆಲ್ ಮಾಡಲು ಹೊರಟಿದ್ದರು. ಮೇಲಿನ ಒಂದೇ ಒಂದು ಮನೆ ಮಾತ್ರ ಅವರ ಕೈಗೆ ಸಿಕ್ಕಿರಲಿಲ್ಲ. ಅದು ಒತ್ತಾವಿಯೊ ಸ್ಕಿಯಾಪ್ಪಕಾಸ್ಸೆಯದು. ಹಡಗಿನ ಹಗ್ಗ ಹೊಸೆಯುತ್ತಿದ್ದ, ಎಂಬತ್ತನಾಲ್ಕರ ಒಂಟಿ ಮುದುಕ. ಅವನಿಗೊಂದು ಬೀಗದ ಕೈ ಕೊಟ್ಟು, ಗೇಟಿನ ಪಕ್ಕ ಅವನ ಹೆಸರಿನ ಕರೆಗಂಟೆ ಹಾಕಿದ್ದರು.

ನಿವೆಸ್ ಒಂಬತ್ತು ಜನರನ್ನು ಕರೆದುಕೊಂಡು ಬಂದಾಗ ಗೇಟಿನ ಒಳಗೆ ಗ್ರೊಂದೊನಾ ನಿಂತಿದ್ದ. ಕೆಲಸ ನೋಡಿಕೊಳ್ಳಲು ಮಾಲೀಕರು ನೇಮಿಸಿದವನು. ಮಾತು ಮೆತ್ತಗೆ, ಬೂಟು ಹೊಸದು.

"ಸಿನ್ಯೋರಾ, ಇದು ಇನ್ನು ಖಾಸಗಿ ಜಾಗ."

"ಯಾವಾಗಿನಿಂದ?"

"ಸೋಮವಾರದಿಂದ."

"ನಾನು ಮೂವತ್ತೊಂದು ವರ್ಷದ ಸೋಮವಾರ ಇಲ್ಲಿ ಹತ್ತಿದೀನಪ್ಪ. ಆ ಗೋಡೆ ಮೇಲೆ ಓಣಿ ಹೆಸರಿನ ಕಲ್ಲಿದೆ, ಓದೋಕೆ ಬರುತ್ತಾ?"

"ಕಲ್ಲು ಹಳೇದು. ಆ ಮುದುಕರನ್ನ ಬಿಟ್ಟು ಇಪ್ಪತ್ತು ವರ್ಷದಿಂದ ಇಲ್ಲಿ ಯಾರೂ ಓಡಾಡಿಲ್ಲ ಅಂತ ಬರೆದುಕೊಟ್ಟಿದೀವಿ. ಅಂದಹಾಗೆ, ಜನಾನ ಸುತ್ತಾಡಿಸೋಕೆ ನಿಮಗೆ ಪರವಾನಗಿ ಇದೆಯಾ?"

"ನಾನು ವಾಕಿಂಗ್ ಬಂದಿದೀನಿ. ನನ್ನ ಹಿಂದೆ ಇರೋರಿಗೂ ಕಾಲಿವೆ, ಅವರೂ ಬಂದಿದಾರೆ."

ಹೀಗಂದವಳೇ ಒತ್ತಾವಿಯೊನ ಗಂಟೆ ಒತ್ತಿದಳು. ನಾವು ಕಾಲು ಗಂಟೆ ಕಾದೆವು. ಮುದುಕ ಒಂದೊಂದೇ ಮೆಟ್ಟಿಲಿಗೆ ಗೊಣಗುತ್ತ ಇಳಿದು ಬಂದು, ಬೀಗ ತೆಗೆದು, ಎಲ್ಲರನ್ನೂ ಎಣಿಸಿದ.

"ಇವರೆಲ್ಲ ಯಾರು?" ಅಂದ ಗ್ರೊಂದೊನಾ.

"ನನ್ನ ನೆಂಟರು."

"ಈ ಜಪಾನಿನವರೂನಾ?"

"ನಮ್ಮಪ್ಪ ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಹಾಕ್ತಿದ್ದ ಮಾರಾಯ. ಯಾವ್ಯಾವ ಬಂದರಲ್ಲಿ ಎಷ್ಟೆಷ್ಟು ದಿನ ಇಳಿದಿದ್ದನೋ, ನಾನೇನು ಬಲ್ಲೆ?"

ಆಮೇಲೆ ಅದೇ ಕ್ರಮವಾಯಿತು. ಮಂಗಳವಾರ, ಶುಕ್ರವಾರ ಹತ್ತು ಗಂಟೆಗೆ ಒತ್ತಾವಿಯೊ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಂಟೆ ಬಾರಿಸುವ ಮೊದಲೇ ಗೇಟಿನ ಬಳಿ ಕೂತಿರುತ್ತಿದ್ದ. "ಇವತ್ತು ಎಷ್ಟು ಜನ ನೆಂಟರು?" ಎಂದು ನನ್ನ ಅಂಗಡಿಯತ್ತ ಕೂಗುತ್ತಿದ್ದ. ಅದಕ್ಕೆ ಮುಂಚೆ ಆರು ತಿಂಗಳಲ್ಲಿ ನಾನು ಅವನ ದನಿಯನ್ನೇ ಕೇಳಿರಲಿಲ್ಲ.

ಗ್ರೊಂದೊನಾ ದೂರು ಕೊಟ್ಟ. ಪುರಸಭೆಯ ಇಬ್ಬರು ಪೊಲೀಸರು ಬಂದು, ಪರವಾನಗಿ ಇಲ್ಲದೆ ಊರು ತೋರಿಸುವಂತಿಲ್ಲ ಎಂಬ ಕಾಗದವನ್ನು ನಿವೆಸಳ ಕೈಗಿತ್ತರು. ಅವಳು ಅದನ್ನು ನಿಧಾನವಾಗಿ ಓದಿ, ಲಕೋಟೆಯ ಮೇಲಿನ ವಿಳಾಸ ನೋಡಿದಳು.

"ಮನೆ ನಂಬರ್ ತಪ್ಪು ಬರೆದಿದೀರಿ ಮಕ್ಕಳೇ. ಆದ್ರೂ ಪರವಾಗಿಲ್ಲ, ಮುಟ್ಟಿತು."

ಅವರಲ್ಲಿ ಕಿರಿಯವನು ನಗು ತಡೆಯಲು ಗೋಡೆ ಕಡೆ ತಿರುಗಿದ.

ಡಿಸೆಂಬರಿನಲ್ಲಿ ಒತ್ತಾವಿಯೊ ನ್ಯುಮೋನಿಯಾ ಬಂದು ಆಸ್ಪತ್ರೆ ಸೇರಿದ. ಬೀಗದ ಕೈಯೂ ಅವನ ಜೊತೆಗೇ ಹೋಯಿತು, ಮನೆಯವನೇ ಇಲ್ಲದೆ ನೆಂಟರನ್ನು ಒಳಗೆ ಬಿಡುವಂತೆಯೂ ಇರಲಿಲ್ಲ. ಅವನಿಗೆ ಆ ಮನೆಯ ಬದಲಿಗೆ ಸಮುದ್ರದ ಪಕ್ಕ ಲಿಫ್ಟು ಇರುವ ಮನೆ ಕೊಡುತ್ತೇವೆಂದು ಗ್ರೊಂದೊನಾ ಹಣ್ಣು ಹಿಡಿದು ನೋಡಲು ಹೋಗಿದ್ದನಂತೆ. ಅದನ್ನು ಕೇಳಿ ನನಗೆ ಮೈ ಉರಿಯಿತು. ನಿವೆಸ್ ಮಾತ್ರ ಆಸ್ಪತ್ರೆಗೆ ಹೋಗಿ ಅವನಿಗೆ ಹೇಳಿದ್ದು ಬೇರೆ.

"ಲಿಫ್ಟು ಬೇಕನಿಸಿದ್ರೆ ಹೋಗು ಒತ್ತಾವಿಯೊ. ನನ್ನ ಹಟಕ್ಕೆ ನಿನ್ನ ಕಾಲು ಒತ್ತೆ ಇಡೋದು ಬೇಡ."

"ಹಣ್ಣು ಚೆನ್ನಾಗಿತ್ತು," ಅಂದನಂತೆ ಅವನು. "ಮನೆ ಬೇಡ ಅಂದೆ."

ಆ ಚಳಿಗಾಲವೆಲ್ಲ ನಿವೆಸ್ ಮುಚ್ಚಿದ ಗೇಟಿನ ಮುಂದೆ, ಮಳೆಯಲ್ಲಿ ನಿಂತು, ಒಳಗೆ ಏನೇನಿದೆ ಎಂದು ಜನರಿಗೆ ಬಾಯಲ್ಲೇ ತೋರಿಸಿದಳು. ಅದಲ್ಲದೆ ಇನ್ನೊಂದು ಕೆಲಸ ಹಿಡಿದಳು. ಇಪ್ಪತ್ತು ವರ್ಷದಲ್ಲಿ ಜನ ಓಡಾಡಿದ್ದು ನಿಜವಾದರೆ ದಾರಿ ಊರಿನದೇ, ಪುರಾವೆ ತನ್ನಿ ಎಂದು ಪುರಸಭೆ ಕಚೇರಿಯ ಹೆಣ್ಣುಮಗಳೊಬ್ಬಳು ತಿಳಿಸಿದ್ದಳು. ಬೂಚಿನ ಓಣಿಯಲ್ಲಿ ಹಿಂದೆ ಬಾಡಿಗೆಗಿದ್ದವರು ಯಾರು, ಈಗ ಎಲ್ಲಿದ್ದಾರೆ ಎಂಬುದು ನಿವೆಸಳಿಗೆ ಬಾಯಿಪಾಠ. ಅವರ ಹೊಸ ವಿಳಾಸಕ್ಕೆ ಕಾಗದ ತಿರುಗಿಸಿ ಕಳಿಸಿದವಳೇ ಅವಳಲ್ಲವೇ. ಸವೆದ ಮೊಣಕಾಲಿಗೆ ಪಟ್ಟಿ ಬಿಗಿದು ಮತ್ತೆ ಮಹಡಿ ಹತ್ತಿದಳು. ಹಳೇ ಲಕೋಟೆ, ಮದುವೆಯ ಕರೆಯೋಲೆ, ಸೈನ್ಯದಿಂದ ಮಗ ಬರೆದ ಕಾರ್ಡು, ತೊಟ್ಟಿಯ ಪಕ್ಕ ತೆಗೆಸಿಕೊಂಡ ಫೋಟೋ, ಎಲ್ಲವನ್ನೂ ಕೇಳಿ ತಂದಳು. ಕೊಡಲು ಮನಸ್ಸಾಗದವರನ್ನು, "ಹಾಗಾದ್ರೆ ನೀವೇ ಹಿಡ್ಕೊಂಡು ಬನ್ನಿ," ಎಂದು ಒಪ್ಪಿಸಿದಳು.

ದಾರಿ ಯಾರದೆಂದು ಫೆಬ್ರವರಿಯಲ್ಲಿ ವಿಚಾರಣೆ ನಡೆದ ದಿನ ನಾನು ಒಲೆ ಆರಿಸಿ ಹೋದೆ. ನಲವತ್ತಮೂರು ಜನ ಬಂದಿದ್ದರು. ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತರು. ತೊಂಬತ್ತರ ಒಬ್ಬ ಮುದುಕಿ ಆ ತೊಟ್ಟಿಯಲ್ಲೇ ತನ್ನ ಐದು ಮಕ್ಕಳ ಬಟ್ಟೆ ಒಗೆದದ್ದನ್ನು ಹೇಳಿದಳು. ಮಾಲೀಕರ ವಕೀಲ ನಿವೆಸಳನ್ನು ಕೇಳಿದ:

"ನೀವು ಸಂಬಳಕ್ಕೆ ಓಡಾಡಿದವರು. ಅದು ಸಾರ್ವಜನಿಕರ ಓಡಾಟ ಹೇಗಾಗುತ್ತೆ?"

"ಕಾಗದ ಮೇಲಕ್ಕೆ ತಗೊಂಡು ಹೋಗಿದ್ದು ಸಂಬಳಕ್ಕೆ," ಅಂದಳು. "ಒತ್ತಾವಿಯೊನ ಹೆಂಡತಿ ಸತ್ತ ಮೇಲೆ ಭಾನುವಾರ ಅವನಿಗೆ ಸಾರು ತಗೊಂಡು ಹೋಗಿದ್ದಕ್ಕೆ ಯಾವ ಸರಕಾರ ಸಂಬಳ ಕೊಟ್ಟಿತ್ತು, ನೀವೇ ಹೇಳಿ."

ಅದು ನನಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಓಣಿಯ ಬುಡದಲ್ಲೇ ಕೂತ ನನಗೆ.

ಏಪ್ರಿಲಿನಲ್ಲಿ ತೀರ್ಪು ಬಂತು: ದಾರಿ ಊರಿನದು, ಗೇಟು ತೆಗೆಯಬೇಕು. ಅಷ್ಟು ಹೊತ್ತಿಗೆ ಒತ್ತಾವಿಯೊ ಮನೆಗೆ ಬಂದಿದ್ದ. ಗೇಟು ಕೀಳುವುದನ್ನು ನೋಡಲು ಅರ್ಧದಷ್ಟು ಮೆಟ್ಟಿಲು ಇಳಿದು, ಅಲ್ಲೇ ಕೂತು, ಕೆಲಸಗಾರರಿಗೆ ಬುದ್ಧಿ ಹೇಳುತ್ತಿದ್ದ. ಜೂನಿನಲ್ಲಿ ತೀರಿಕೊಂಡ, ತನ್ನ ಮಂಚದ ಮೇಲೆಯೇ. ಮನೆಯನ್ನು ಸವೋನಾದಲ್ಲಿದ್ದ ತಂಗಿಯ ಮಗಳು ಹೋಟೆಲಿನವರಿಗೇ ಮಾರಿದಳು. ಅದನ್ನು ತಡೆಯುವ ದಾರಿ ಯಾರಿಗೂ ಇರಲಿಲ್ಲ. ನಿವೆಸ್ ಎರಡು ದಿನ ಹೊರಗೆ ಬರಲಿಲ್ಲ. ಮೂರನೆಯ ದಿನ ಶುಕ್ರವಾರ, ಬಂದಳು. ಜನರನ್ನು ಅಂಗಳಕ್ಕೆ ಹತ್ತಿಸಿ, ತೊಟ್ಟಿಯ ಬಗ್ಗೆ ಹೇಳುವ ಮೊದಲು ಆ ಕಿಟಕಿ ತೋರಿಸಿ, "ಇಲ್ಲಿ ಒತ್ತಾವಿಯೊ ಸ್ಕಿಯಾಪ್ಪಕಾಸ್ಸೆ ಇದ್ದ. ಈ ದಾರಿ ಅವನು ಮುಚ್ಚಗೊಡಲಿಲ್ಲ," ಅಂದಳು.

ಈಗ ಪರವಾನಗಿ ಇರುವ ಗೈಡುಗಳೂ ಅಲ್ಲಿಗೆ ಬರುತ್ತಾರೆ. ಹೋದ ತಿಂಗಳು ಹಳದಿ ಕೊಡೆ ಹಿಡಿದ ಒಬ್ಬ ಹುಡುಗಿ ಮೂವತ್ತು ಜನರಿಗೆ ಅದೇ ಕಿಟಕಿ ತೋರಿಸಿ, ಒತ್ತಾವಿಯೊ ಸ್ಕಿಯಾಫಿನೊ ಎಂಬ ಶೂರನ ಕಥೆ ಹೇಳುತ್ತಿದ್ದಳು. ನಿವೆಸ್ ಊರುಗೋಲು ಊರುತ್ತ ಆ ಗುಂಪಿನ ನಡುವೆಯೇ ನುಗ್ಗಿದಳು.

"ಸ್ಕಿಯಾಪ್ಪಕಾಸ್ಸೆ," ಅಂದಳು. "ಹೇಳಮ್ಮ, ಕೇಳಿಸಿಕೊಳ್ತೀನಿ."

ಹುಡುಗಿ ಕೆಂಪಗಾಗಿ ಹೇಳಿದಳು. ಎರಡನೆಯ ಸಲಕ್ಕೆ ಸರಿಯಾಗಿ ಬಂತು.