ಮೈ ಕರಗಿತು, ಅಳತೆ ಕರಗಲಿಲ್ಲ

ನನ್ನ ತಂಗಿಯ ಕೆಲಸ ಏನೆಂದು ಹೇಳಿದರೆ ಜನ ನಗುತ್ತಿದ್ದರು. ಬಟ್ಟೆ ಹಾಕಿಕೊಳ್ಳುವುದು, ಅಷ್ಟೇ. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಸಾವಿರ ಅಂಗಿ ಕತ್ತರಿಸುವ ಮುಂಚೆ ಒಂದನ್ನು ಮನುಷ್ಯರ ಮೈಮೇಲೆ ಹಾಕಿ ನೋಡಬೇಕಲ್ಲ, ದೊಡ್ಡ ಅಳತೆಗೆ ಆ ಮೈ ಇವಳದು. ಹಾಕಿಕೊಂಡು ಕೈ ಎತ್ತುತ್ತಿದ್ದಳು, ಬಗ್ಗುತ್ತಿದ್ದಳು, ಕುರ್ಚಿಯಲ್ಲಿ ಕೂತು ಏಳುತ್ತಿದ್ದಳು. ಆಮೇಲೆ, "ಕಂಕುಳಲ್ಲಿ ಹಿಡಿಯುತ್ತೆ, ಅರ್ಧ ಬೆರಳು ಬಿಡಿ" ಅನ್ನುತ್ತಿದ್ದಳು. ಅವಳು ಬಿಗಿ ಎಂದರೆ ಬಿಗಿ, ಸಡಿಲ ಎಂದರೆ ಸಡಿಲ. ಕಟಿಂಗ್ ಮಾಸ್ಟರು ಟೇಪನ್ನು ಕೊರಳಿಗೆ ಹಾಕಿಕೊಂಡು ಇವಳ ಬಾಯಿ ನೋಡುತ್ತಾ ನಿಲ್ಲುತ್ತಿದ್ದರು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು.

ಮನೆಯಲ್ಲಿ ಅವಳು ಡುಮ್ಮಿ, ನಾನು ಕಡ್ಡಿ. "ಇವರಿಬ್ಬರನ್ನೂ ಕಲಸಿ ಎರಡು ಪಾಲು ಮಾಡಿದ್ರೆ ಎರಡು ಸರಿಯಾದ ಹುಡುಗೀರು ಆಗೋರು" ಎಂದು ನಮ್ಮಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಡುಮ್ಮಿ ಮದುವೆಯಾಗಲಿಲ್ಲ. ಒಬ್ಬ ಬಂದಿದ್ದ, ಅವನ ಮೂಗು ನನಗೆ ಹಿಡಿಸಲಿಲ್ಲ, ಅದು ಬೇರೆ ಕಥೆ ಬಿಡಿ. ನನ್ನ ಯಜಮಾನರು ತೀರಿಕೊಂಡ ಮೇಲೆ ಇಬ್ಬರೂ ಒಂದೇ ಮನೆಯಲ್ಲಿ ಇದ್ದೆವು.

ಐವತ್ತಾಗುವಷ್ಟರಲ್ಲಿ ಅವಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರಮ್ಮ ನಿಧಾನವಾಗಿ ಹದಿನೈದು ಕಿಲೋ ಇಳಿಸಬೇಕೆಂದರು. ಡುಮ್ಮಿ ಸೀದಾ ಮಾಸ್ಟರ ಹತ್ತಿರ ಹೋಗಿ, "ಸಣ್ಣಗಾದ್ರೆ ನನ್ನ ಕೆಲಸ?" ಎಂದು ಕೇಳಿದಳು. "ನಿನ್ನ ಅಳತೆಗೆ ಒಂದು ಬೊಂಬೆ ಮಾಡಿಸ್ತೀನಿ ಕಣಮ್ಮ, ದೊಡ್ಡ ಸೈಜು ಅದು ನೋಡ್ಕೊಳ್ಳುತ್ತೆ. ನೀನು ಮಧ್ಯದ ಸೈಜಿಗೆ ಬಾ. ನಂಗೆ ಬೇಕಿರೋದು ನಿನ್ನ ಬಾಯಿ" ಎಂದರು ಪುಣ್ಯಾತ್ಮರು.

ಹಠ ಹಿಡಿದರೆ ನಮ್ಮ ಡುಮ್ಮಿ ಯಾರ ಮಾತಿಗೂ ಬಗ್ಗುವವಳಲ್ಲ. ಹದಿನೈದು ಎಂದರೆ ಎಂಟೇ ತಿಂಗಳಲ್ಲಿ ಮೂವತ್ತು ಇಳಿಸಿದಳು. ಮೊದಮೊದಲು ಚೆನ್ನಾಗಿಯೇ ಇತ್ತು. ಮೂರು ಮಹಡಿ ಹತ್ತಿ ಬಂದು ಹಾಡು ಗುನುಗುತ್ತಿದ್ದಳು. ಆಮೇಲೆ ಮನೆಯೊಳಗೆ ಏನೋ ಬಂದು ಸೇರಿಕೊಂಡ ಹಾಗಾಯಿತು. ಬಿಸಿಲಲ್ಲೂ ಸ್ವೆಟರು ಹಾಕುವಳು. ಕೋಪ ಮೂಗಿನ ತುದಿಯಲ್ಲೇ. ಒಂದು ಮಧ್ಯಾಹ್ನ ನೋಡುತ್ತೇನೆ, ಅಡುಗೆಮನೆಯಲ್ಲಿ ಬ್ರೆಡ್ಡಿನ ಪೊಟ್ಟಣವನ್ನು ಕಿವಿಗೆ ಹಿಡಿದುಕೊಂಡು ನಿಂತಿದ್ದಾಳೆ.

"ಏನೇ ಅದು, ರೇಡಿಯೋನಾ?" ಎಂದೆ.

ಅವಳು ನಗಲಿಲ್ಲ. "ಕರೀತಿತ್ತಕ್ಕ" ಎಂದಳು.

ನಾನು ಪೊಟ್ಟಣ ಕಿತ್ತು ಮೇಲಿನ ಹಲಗೆಯಲ್ಲಿಟ್ಟೆ. ಸಣ್ಣಗಾದ ಮೇಲೂ, ಅಗಲವಾದ ಬಾಗಿಲಲ್ಲೂ ಅವಳು ಓರೆಯಾಗಿಯೇ ನುಸುಳುತ್ತಿದ್ದಳು. ಬಸ್ಸಿನಲ್ಲಿ ಒಂದು ಸೀಟು ಖಾಲಿಯಿದ್ದರೆ, "ನಾನು ಹಿಡಿಸಲ್ಲ" ಎಂದು ನಿಂತೇ ಬರುತ್ತಿದ್ದಳು.

ಫ್ಯಾಕ್ಟರಿಗೆ ಬೊಂಬೆಯೂ ಬಂತು. ಹತ್ತಿ ತುಂಬಿದ ಬೊಂಬೆ, ತಲೆಯಿಲ್ಲ, ಕೈಯಿಲ್ಲ. ಡುಮ್ಮಿಯ ಎಡಭುಜ ಬಲಕ್ಕಿಂತ ಒಂದು ಕೂದಲು ತಗ್ಗು. ಆ ತಗ್ಗನ್ನೂ ಬಿಡದೆ ಮಾಡಿದ್ದರಂತೆ. ಅವಳು ಅದಕ್ಕೆ ಬೆನ್ನು ಹಾಕಿ ಕೆಲಸ ಮಾಡಲು ಶುರುಮಾಡಿದಳು.

ತಪ್ಪಾಗಿದ್ದು ಆಗಲೇ. ಮಧ್ಯದ ಸೈಜಿನ ಅಂಗಿ ಹಾಕಿಕೊಂಡು "ಬಿಗಿ" ಎಂದಳು. ಮಾಸ್ಟರು ಬಿಟ್ಟರು. ಮತ್ತೆ ಬಿಗಿ ಎಂದಳು. ಇನ್ನೂ ಬಿಟ್ಟರು. ಇಪ್ಪತ್ತೆರಡು ವರ್ಷದ ನಂಬಿಕೆ ನೋಡಿ, ಬೇರೆ ಯಾರಾದರೂ ಆಗಿದ್ದರೆ ಟೇಪು ಹಿಡಿದಿರುತ್ತಿದ್ದರು. ಮುನ್ನೂರು ಅಂಗಿ ಹೊಲಿದು ಹೋದವು, ಮುನ್ನೂರೂ ವಾಪಸ್ ಬಂದವು. ಗೋಣಿಚೀಲದ ಹಾಗೆ ಜೋಲುತ್ತಿದ್ದವಂತೆ. ಮಾಸ್ಟರು ನನಗೇ ಫೋನು ಮಾಡಿದರು. "ಸ್ವಲ್ಪ ಬಂದು ಹೋಗಿ ಅಕ್ಕ."

ಹೋದೆ. ಎರಡು ಕಿಟಕಿ, ಒಂದು ಉದ್ದನೆಯ ಮೇಜು, ನೆಲದ ತುಂಬ ದಾರದ ತುಂಡು. ಡುಮ್ಮಿ ಅದೇ ಅಂಗಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು. ಆ ಅಂಗಿಯೊಳಗೆ ಅವಳ ಜೊತೆ ನಾನೂ ಹಿಡಿಸುತ್ತಿದ್ದೆ.

"ಅಕ್ಕ, ನೀನೇ ಹೇಳು, ಉಸಿರು ಕಟ್ತಿಲ್ವಾ ಇದು? ಇವರೆಲ್ಲ ಸೇರ್ಕೊಂಡು ನನ್ನನ್ನ ಹುಚ್ಚಿ ಮಾಡ್ತಿದಾರೆ" ಎಂದು ಅಳತೊಡಗಿದಳು.

ಮಾಸ್ಟರು ತಲೆ ತಗ್ಗಿಸಿಕೊಂಡೇ ಹೇಳಿದರು, "ಮೇಲಿನವರು ಒಂದು ವಾರ ಕೊಟ್ಟಿದಾರೆ. ಬರೋ ಸೋಮವಾರದ ಸ್ಯಾಂಪಲ್ಲೂ ತಪ್ಪಾದ್ರೆ ಗುಂಡಿ ಹಾಕೋ ಕಡೆಗೆ ಕಳಿಸಿ ಅಂತ."

ಗುಂಡಿ ಹಾಕುವುದು ಕೀಳು ಕೆಲಸವೇನಲ್ಲ, ನಾನೂ ಮಾಡಿದ್ದೇನೆ. ಆದರೆ ಅವಳ ಮಾತನ್ನು ಇನ್ನು ಯಾರೂ ನಂಬುವುದಿಲ್ಲ ಎಂದಾದರೆ ಅವಳಿಗೆ ಉಳಿಯುವುದಾದರೂ ಏನು?

ಮಾರನೆಯ ದಿನವೇ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ಆಕೆ ತೂಕ ನೋಡಿ ಕನ್ನಡಕ ತೆಗೆದಿಟ್ಟರು.

"ನಾನು ಹೇಳಿದ್ದು ಇಷ್ಟಲ್ಲ, ಇಷ್ಟು ಬೇಗಾನೂ ಅಲ್ಲ. ಕೊಬ್ಬು ಸುಮ್ಮನೆ ಬಿದ್ದಿರೋ ಮೂಟೆ ಅಂದ್ಕೊಂಡ್ರಾ? ಮನೇಲಿ ದಾಸ್ತಾನಿದೆ, ಹೆದರಬೇಡ ಅಂತ ಅದು ಮಿದುಳಿಗೆ ಹೇಳಿ ಕಳಿಸ್ತಾನೇ ಇರುತ್ತೆ. ನೀವು ಒಂದೇ ಸಲಕ್ಕೆ ಕರಗಿಸಿಬಿಟ್ರಿ. ಆ ಸುದ್ದಿ ಕಮ್ಮಿಯಾಯ್ತು. ಮಿದುಳು ಬರಗಾಲ ಬಂತು ಅಂದ್ಕೊಂಡಿದೆ. ಅದಕ್ಕೇ ಈ ಚಳಿ, ಸಿಡುಕು, ಯಾವಾಗ್ಲೂ ತಿಂಡಿ ಯೋಚನೆ."

"ಮತ್ತೆ ಆ ಬಿಗಿ?" ಎಂದೆ ನಾನು.

"ಅದು ಬೇರೆ. ಮೈ ಇಷ್ಟಗಲ ಅಂತ ಮಿದುಳು ಒಂದು ಲೆಕ್ಕ ಇಟ್ಕೊಂಡಿರುತ್ತೆ. ಮೈ ಬದಲಾದ್ರೂ ಕೆಲವರಿಗೆ ಆ ಹಳೇ ಲೆಕ್ಕ ಬೇಗ ಹೋಗಲ್ಲ."

"ಯಾವಾಗ ಹೋಗುತ್ತೆ?"

"ಹೇಳೋಕಾಗಲ್ಲಮ್ಮ. ಊಟ ಸ್ವಲ್ಪ ಜಾಸ್ತಿ ಮಾಡಿ, ಐದಾರು ಕಿಲೋ ವಾಪಸ್ ಬರಲಿ. ಆಮೇಲೆ ನೋಡೋಣ."

ಡುಮ್ಮಿ ಇಷ್ಟು ಹೊತ್ತೂ ಸೆರಗಿನ ಅಂಚು ಉಜ್ಜುತ್ತಾ ಕೂತಿದ್ದಳು. ಮೆಲ್ಲಗೆ ಹೇಳಿದಳು, "ಹಾಗಾದ್ರೆ ಆ ಹಳೇ ಡುಮ್ಮಿ ಹೋಗಿಲ್ಲ. ಒಳಗೇ ಹಸ್ಕೊಂಡು ಕೂತಿದಾಳೆ."



ಆ ವಾರವೆಲ್ಲ ನಾನು ಬಡಿಸಿದೆ, ಅವಳು ತಿಂದಳು. ಒಂದು ವಾರಕ್ಕೆ ಎಷ್ಟು ಮೈ ಬಂದೀತು ಹೇಳಿ. ಸೋಮವಾರ ನಾನೂ ಜೊತೆಗೆ ಹೋದೆ. ಮಾಸ್ಟರು ಬೇಡ ಅನ್ನಲಿಲ್ಲ. ಹೊಸ ಸ್ಯಾಂಪಲ್ಲು ತಿಳಿನೀಲಿ ಬಣ್ಣದ್ದು. ಹಾಕಿಕೊಂಡಳು, ಗುಂಡಿ ಹಾಕಿದಳು, ಕೈ ಎತ್ತಿದಳು. ಅವಳ ಹಣೆಯಲ್ಲಿ ಬೆವರು ಮೂಡಿತು. "ಬಿ" ಎಂದು ತುಟಿ ಕೂಡಿದ್ದು ನನಗೆ ಕಂಡಿತು. ಮಿಷನ್ನುಗಳ ಮುಂದೆ ಕೂತವರೆಲ್ಲ ಕಾಲು ನಿಲ್ಲಿಸಿದ್ದರು.

ಆಗ ಅವಳು ಹಿಂದೆಂದೂ ಮಾಡದ ಒಂದು ಕೆಲಸ ಮಾಡಿದಳು. ಅಂಗಿಗೂ ಸೊಂಟಕ್ಕೂ ನಡುವೆ ತನ್ನ ಕೈ ತೂರಿಸಿದಳು. ಬೆರಳು ಹೋಯಿತು, ಅಂಗೈ ಹೋಯಿತು, ಮಣಿಕಟ್ಟಿನವರೆಗೂ ಇಳಿಯಿತು. ಯಾರದೋ ಮನೆಯ ಕತ್ತಲ ಕೋಣೆಗೆ ಕೈ ಹಾಕಿದವಳ ಹಾಗೆ ನಿಂತಿದ್ದಳು.

"ಸಡಿಲ" ಎಂದಳು. "ಎರಡೂ ಪಕ್ಕೆಯಲ್ಲಿ ಒಂದೊಂದು ಬೆರಳು ತೆಗೀರಿ ಮಾಸ್ಟರೇ. ತೋಳು ಸರಿಯಿದೆ."

ಮಾಸ್ಟರು ಕೊರಳಿನಿಂದ ಟೇಪು ತೆಗೆದು ಅವಳ ಮುಂದೆಯೇ ಅಳೆದರು. ಅವಳು ಹೇಳಿದ್ದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. "ನಾಳೆ ಬೇಗ ಬಾಮ್ಮ, ಇನ್ನೂ ಮೂರು ಸ್ಯಾಂಪಲ್ ಇದೆ" ಎಂದಷ್ಟೇ ಹೇಳಿದರು. ಮಿಷನ್ನುಗಳು ಮತ್ತೆ ಓಡಿದವು.

ದಾರಿಯಲ್ಲಿ ಕೇಳಿದೆ, "ಗೆದ್ದೆಯಲ್ಲೇ, ಮುಖ ಯಾಕೆ ಹಂಗಿದೆ?"

"ಅಕ್ಕ, ಆ ಅಂಗೀಲಿ ನಂಗೆ ಉಸಿರಾಡೋಕೂ ಆಗ್ತಿರಲಿಲ್ಲ. ಪಕ್ಕೆ ಮುರಿಯೋ ಹಾಗೆ ಹಿಡಿದಿತ್ತು. ಆದ್ರೂ ಸಡಿಲ ಅಂದೆ. ದಿನಾ ಹಿಂಗೇ ಹೇಳ್ಬೇಕು. ಅವಳು ಕೇಳಿಸ್ಕೊಳ್ತಾ ನಿಂತಿರ್ತಾಳೆ."

ಬೊಂಬೆಯ ಮಾತೋ, ಒಳಗೆ ಕೂತವಳ ಮಾತೋ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ರಸ್ತೆ ಬದಿಯ ಕಲ್ಲುಹಾಸು ಕಿರಿದಾಗಿತ್ತು. ಅವಳು ನಮ್ಮಿಬ್ಬರ ನಡುವೆ ಇನ್ನೊಬ್ಬರು ಹಿಡಿಸುವಷ್ಟು ಜಾಗ ಬಿಟ್ಟು, ಚರಂಡಿಯ ಅಂಚಿನಲ್ಲಿ ಕಾಲಿಟ್ಟು ನಡೆಯುತ್ತಿದ್ದಳು. ಬಿದ್ದಾಳೆಂದು ಭಯವಾಗಿ, ನಾನೇ ಗೋಡೆಯ ಕಡೆಗೆ ಇನ್ನೊಂದಿಷ್ಟು ಸರಿದುಕೊಂಡೆ.